ನಿಮ್ಮ ಇಷ್ಟದ ಪಿಸ್ತೂಲು ಯಾವುದು, ಅದರ ಮೇಲೆ ಯಾವ ಸೈಟ್ (ಗುರಿ ಹಿಡಿಯುವ ಸಾಧನ)? ಕಾರಣ ಸಮೇತ ಹೇಳಿ

ಹಳೇಉಕ್ಕು

ಇಷ್ಟದ ಪಿಸ್ತೂಲು ಯಾವುದು ಅಂದರೆ ಎಲ್ಲರೂ ಒಂದು ಹೆಸರು ಹೇಳಿ ಸುಮ್ಮನಾಗುತ್ತಾರೆ. ನನಗೆ ಹೆಸರಿಗಿಂತ ಕಾರಣ ಬೇಕು. ಕೈಗೆ ಏನು ಹಿಡಿಸಿತು, ಕಣ್ಣಿಗೆ ಏನು ಹಿಡಿಸಿತು, ಎಷ್ಟು ದೂರಕ್ಕೆ ಹೊಡೆಯುತ್ತೀರಿ, ಅದನ್ನು ಬರೆಯಿರಿ.

ನಾನೇ ಶುರು ಮಾಡುತ್ತೇನೆ. ನನ್ನದು 1911 ಅನ್ನುವ ಮಾಡೆಲ್. ಜಾನ್ ಬ್ರೌನಿಂಗ್ ವಿನ್ಯಾಸ. ಅಮೆರಿಕದ ಸೇನೆ 1911ರಲ್ಲಿ ಒಪ್ಪಿಕೊಂಡಿತು, 1985ರಲ್ಲಿ ಬೆರೆಟ್ಟಾವನ್ನು ಆರಿಸುವ ತನಕ ಅದನ್ನೇ ಇಟ್ಟುಕೊಂಡಿತ್ತು. ನಾನು ಇತಿಹಾಸಕ್ಕೆ ಮರುಳಾದವನಲ್ಲ, ಟ್ರಿಗರ್‌ಗೆ ಮರುಳಾದವನು. ಹೆಚ್ಚಿನ ಪಿಸ್ತೂಲುಗಳಲ್ಲಿ ಟ್ರಿಗರ್ ಒಂದು ಪಿನ್ನಿನ ಮೇಲೆ ತಿರುಗುತ್ತದೆ. 1911 ಮಾಡೆಲಿನಲ್ಲಿ ಅದು ನೇರವಾಗಿ ಹಿಂದಕ್ಕೆ ಜಾರುತ್ತದೆ. ದಾರಿ ಗಿಡ್ಡ, ಬಿಡುವ ಜಾಗ ಸ್ಪಷ್ಟ. ಬೆರಳು ಎಲ್ಲಿ ಒತ್ತಿದರೂ ಒಂದೇ ಥರ.

ಸೈಟ್ ವಿಷಯಕ್ಕೆ ಬಂದರೆ, ಮೊದಲ ಕಾಲದ 1911ರ ಸೈಟ್ ಇರುವೆ ಗಾತ್ರದ್ದು. ಅದನ್ನು ಹೊಗಳುವವರು ಅದರಲ್ಲಿ ಗುರಿ ಇಟ್ಟು ನೋಡಿರಲಿಕ್ಕಿಲ್ಲ. ನನ್ನದರಲ್ಲಿ ಹಿಂದೆ ಚೌಕ ಕಚ್ಚಿನ ಹೊಂದಿಸಬಹುದಾದ ಸೈಟ್, ಮುಂದೆ ಅಗಲ ಕಮ್ಮಿ ಇರುವ ಕಂಬ. ಎರಡೂ ಕಪ್ಪು. ಬಣ್ಣ ಇಲ್ಲ, ಚುಕ್ಕಿ ಇಲ್ಲ. 25 ಮೀಟರ್, ಕಾಗದದ ಗುರಿ, ಅವಸರ ಇಲ್ಲ. ಆ ಕೆಲಸಕ್ಕೆ ಇದಕ್ಕಿಂತ ಬೇರೆ ಬೇಡ ಅನ್ನುವುದು ನನ್ನ ವಾದ. ಮುರಿಯುವವರು ಮುರಿಯಿರಿ.

ಚುಕ್ಕಿಚಂದ್ರ

ಮುರಿಯಲು ನಾನಿದ್ದೇನೆ ಸರ್.

ನನ್ನದು ಗ್ಲಾಕ್ 17. ಚೆಂದ ಅಂತ ಯಾರೂ ಹೇಳುವುದಿಲ್ಲ, ನಾನೂ ಹೇಳುವುದಿಲ್ಲ. ಗ್ಯಾಸ್ಟನ್ ಗ್ಲಾಕ್ ಅವರಿಗೆ ಅದಕ್ಕೂ ಮುಂಚೆ ಪಿಸ್ತೂಲು ಮಾಡಿ ಗೊತ್ತಿರಲಿಲ್ಲ. ಬಹುಶಃ ಅದಕ್ಕೇ ಹಳೆಯ ಅಭ್ಯಾಸಗಳ ಹಂಗಿಲ್ಲದೆ ಮಾಡಿದರು. 1982ರಲ್ಲಿ ಆಸ್ಟ್ರಿಯಾದ ಸೇನೆ ಅದನ್ನು ಆರಿಸಿತು. ಪ್ಲಾಸ್ಟಿಕ್ ಫ್ರೇಮಿನ ಮೊದಲ ಪಿಸ್ತೂಲು ಅಂತ ಕೆಲವರು ಹೇಳುತ್ತಾರೆ, ಅದು ಸುಳ್ಳು. ಹೆಕ್ಲರ್ ಆಂಡ್ ಕಾಖ್ ಕಂಪನಿಯ ವಿಪಿ70 ಅದಕ್ಕೂ ಹತ್ತು ವರ್ಷಕ್ಕಿಂತ ಹಳೆಯದು.

ಗ್ಲಾಕ್ ಜೊತೆ ಬರುವ ಪ್ಲಾಸ್ಟಿಕ್ ಸೈಟ್ ಮಾತ್ರ ಕಿತ್ತು ಎಸೆಯುವಂಥದ್ದು. ಮುಂದೆ ಬಿಳಿ ಚುಕ್ಕಿ, ಹಿಂದೆ ಬಿಳಿ ಬುಟ್ಟಿ. ಕಂಬವೂ ಅಗಲ. ಆದ್ದರಿಂದ ನಾನು ಸ್ಲೈಡ್ (ಗುಂಡು ಹಾರಿದಾಗ ಹಿಂದೆ ಮುಂದೆ ಓಡುವ ಮೇಲಿನ ಭಾಗ) ಮೇಲೆ ರೆಡ್ ಡಾಟ್, ಅಂದರೆ ಗಾಜಿನಲ್ಲಿ ಕೆಂಪು ಚುಕ್ಕಿ ತೋರಿಸುವ ಬ್ಯಾಟರಿ ಸೈಟ್, ಕೂರಿಸಿಕೊಂಡೆ. ಕಾರಣ ಒಂದೇ: ಗುರಿ, ಮುಂದಿನ ಸೈಟ್, ಹಿಂದಿನ ಸೈಟ್, ಈ ಮೂರನ್ನು ಕಣ್ಣು ಒಟ್ಟಿಗೆ ಸ್ಪಷ್ಟವಾಗಿ ನೋಡಲಾರದು. ಡಾಟ್ ಇದ್ದರೆ ಗುರಿಯನ್ನೇ ನೋಡಬಹುದು. ಚುಕ್ಕಿ ಅದರ ಮೇಲೆ ತೇಲುತ್ತದೆ. ಮುಗೀತು.

ಹಳೇಉಕ್ಕು

ಮುಗೀಲಿಲ್ಲ ಚಂದ್ರಣ್ಣ. ಬ್ಯಾಟರಿ ಮುಗಿದರೆ ಏನು ಮಾಡುತ್ತೀರಿ?

ಚುಕ್ಕಿಚಂದ್ರ

ಈ ಪ್ರಶ್ನೆ ಬರಲು ಇಷ್ಟು ಹೊತ್ತಾಯಿತಲ್ಲ ಅಂತ ಆಶ್ಚರ್ಯ! ಏಮ್‌ಪಾಯಿಂಟ್ ಅಕ್ರೋ ಪಿ-2 ಅನ್ನುವ ಡಾಟ್ ಒಂದು ಬ್ಯಾಟರಿಯಲ್ಲಿ 50,000 ಗಂಟೆ ಉರಿಯುತ್ತದೆ ಅಂತ ಕಂಪನಿಯೇ ಹೇಳುತ್ತದೆ. ಅಂದರೆ ಐದು ವರ್ಷ ದಾಟುತ್ತದೆ. ನಾನು ಅಷ್ಟು ಕಾಯುವುದಿಲ್ಲ, ವರ್ಷಕ್ಕೊಮ್ಮೆ ಬದಲಾಯಿಸುತ್ತೇನೆ. ಅದರ ಮೇಲೆ, ಡಾಟಿನ ಕಿಟಕಿಯೊಳಗೆ ಕಾಣುವಷ್ಟು ಎತ್ತರದ ಲೋಹದ ಸೈಟೂ ಇದೆ. ಚುಕ್ಕಿ ಆರಿದರೆ ಅದೇ ಗತಿ.

ಹತ್ತುಮೀಟರ್

ಇಬ್ಬರ ನಡುವೆ ತಲೆ ಹಾಕುತ್ತೇನೆ. ನಾನು ಹೊಡೆಯುವುದು 10 ಮೀಟರ್ ಏರ್ ಪಿಸ್ತೂಲು. ಅಂತರರಾಷ್ಟ್ರೀಯ ಸ್ಪರ್ಧೆಯ ನಿಯಮದಲ್ಲಿ ನಮಗೆ ಡಾಟ್ ಇಲ್ಲ, ಲೆನ್ಸಿರುವ ಸೈಟ್ ಇಲ್ಲ, ತೆರೆದ ಸೈಟ್ (ಹಿಂದೆ ಕಚ್ಚು, ಮುಂದೆ ಕಂಬ) ಮಾತ್ರ. ಹತ್ತು ಅಂಕದ ವೃತ್ತದ ಅಡ್ಡಳತೆ 11.5 ಮಿ.ಮೀ. ಒಂದೇ ಕೈಯಲ್ಲಿ ಹಿಡಿಯಬೇಕು. ಹಾಗಾಗಿ ತೆರೆದ ಸೈಟಿನಲ್ಲಿ ಏನು ನಡೆಯುತ್ತದೆ ಅನ್ನುವುದನ್ನು ನಾವು ಸ್ವಲ್ಪ ಜಾಸ್ತಿಯೇ ಯೋಚಿಸುತ್ತೇವೆ.

ತಪ್ಪಿನಲ್ಲಿ ಎರಡು ಬಗೆ ಇದೆ. ಮೊದಲನೆಯದು, ಸೈಟ್ ಎರಡೂ ಸರಿಯಾಗಿ ಹೊಂದಿಕೊಂಡಿವೆ, ಆದರೆ ಇಡೀ ಕೈ ಅಲುಗಿ ಪಿಸ್ತೂಲು ಅರ್ಧ ಸೆಂ.ಮೀ. ಪಕ್ಕಕ್ಕೆ ಸರಿಯಿತು. ಗುಂಡೂ ಅರ್ಧ ಸೆಂ.ಮೀ. ಪಕ್ಕಕ್ಕೆ ಹೋಗುತ್ತದೆ, ಅಷ್ಟೆ. ಎರಡನೆಯದು, ಮುಂದಿನ ಕಂಬ ಹಿಂದಿನ ಕಚ್ಚಿನ ನಡುವೆ ಇಲ್ಲ, ಒಂದು ಮಿಲಿಮೀಟರ್ ಪಕ್ಕಕ್ಕಿದೆ. ಇದು ಕೋನದ ತಪ್ಪು. ದೂರ ಹೋದಷ್ಟೂ ಬೆಳೆಯುತ್ತದೆ.

ಲೆಕ್ಕ ಸುಲಭ. ಗುರಿಯ ದೂರವನ್ನು ಎರಡು ಸೈಟುಗಳ ನಡುವಿನ ಅಂತರದಿಂದ ಭಾಗಿಸಿ. ಗ್ಲಾಕ್ 17ರಲ್ಲಿ ಆ ಅಂತರ ಸುಮಾರು 165 ಮಿ.ಮೀ. 25 ಮೀಟರ್ ಅಂದರೆ 25,000 ಮಿ.ಮೀ. ಭಾಗಿಸಿದರೆ ಸುಮಾರು 151. ಅಂದರೆ ಮುಂದಿನ ಸೈಟ್ ಒಂದು ಮಿ.ಮೀ. ತಪ್ಪಿದರೆ ಗುಂಡು 15 ಸೆಂ.ಮೀ. ತಪ್ಪುತ್ತದೆ. 100 ಮಿ.ಮೀ. ಅಂತರದ ಗಿಡ್ಡ ರಿವಾಲ್ವರಿನಲ್ಲಿ ಅದೇ ತಪ್ಪಿಗೆ 25 ಸೆಂ.ಮೀ. ಏರ್ ಪಿಸ್ತೂಲಿನಲ್ಲಿ ಸೈಟುಗಳ ಅಂತರ 30 ಸೆಂ.ಮೀ. ದಾಟುತ್ತದೆ. ಸುಮ್ನೆ ಉದ್ದ ಮಾಡಿದ್ದಲ್ಲ, ಈ ಲೆಕ್ಕಕ್ಕೇ ಮಾಡಿದ್ದು.

ಹಾಗಾಗಿ ಹೊಸಬರಿಗೆ ನಾನು ಹೇಳುವುದು: ಕೈ ಅಲುಗುವುದಕ್ಕೆ ಹೆದರಬೇಡಿ, ಸೈಟ್ ತಪ್ಪುವುದಕ್ಕೆ ಹೆದರಿ. ಕೈ ಎಲ್ಲರಿಗೂ ಅಲುಗುತ್ತದೆ.

ಜೆಕ್‌ಪ್ರೇಮಿ

ಹತ್ತುಮೀಟರ್ ಅವರ ಲೆಕ್ಕ ಓದಿದ ಮೇಲೆ ಪಿಸ್ತೂಲಿನ ಹೆಸರು ಹೇಳಲು ನಾಚಿಕೆ ಆಗುತ್ತಿದೆ, ಆದರೂ ಹೇಳುತ್ತೇನೆ. ಸಿಝಡ್ 75.

ಕೌಟ್ಸ್ಕಿ ಸಹೋದರರ ವಿನ್ಯಾಸ, 1975ರದ್ದು. ಕೈಯಲ್ಲಿ ಹಿಡಿದ ಕೂಡಲೇ ಗೊತ್ತಾಗುತ್ತದೆ. ಹಿಡಿಯ ಹಿಂಬದಿಯ ತಿರುವು ಅಂಗೈಗೆ ಕೂರುತ್ತದೆ. ಇನ್ನೊಂದು, ಬೇರೆ ಪಿಸ್ತೂಲುಗಳಲ್ಲಿ ಸ್ಲೈಡ್ ಫ್ರೇಮನ್ನು ಹೊರಗಿನಿಂದ ಹಿಡಿದುಕೊಂಡು ಓಡುತ್ತದೆ. ಇದರಲ್ಲಿ ಸ್ಲೈಡ್ ಫ್ರೇಮಿನ ಒಳಗೆ ಓಡುತ್ತದೆ. ಸ್ವಿಸ್ ಸೇನೆ 1949ರಲ್ಲಿ ತೆಗೆದುಕೊಂಡ ಸಿಗ್ ಪಿ210ರಲ್ಲೂ ಹೀಗೇ. ಅದರ ಗುಂಡುಗಳು ಬೀಳುವ ಗುಂಪು ಎಷ್ಟು ಚಿಕ್ಕದು ಅಂತ ಹೊಡೆದವರನ್ನು ಕೇಳಿ. ಇದಕ್ಕೊಂದು ಬೆಲೆಯೂ ಇದೆ. ಹೊರಗೆ ಕಾಣುವ ಸ್ಲೈಡ್ ಕಮ್ಮಿ. ಬೆವರಿದ ಕೈಯಲ್ಲಿ ಎಳೆಯುವಾಗ ಜಾರುತ್ತದೆ.

ಮೊದಲ ಗುಂಡಿಗೆ ಉದ್ದ ಭಾರದ ಎಳೆತ, ಆಮೇಲೆ ಹಗುರ ಎಳೆತ. ಅದು ಬೇಡ ಅನ್ನುವವರು ಹಿಂಬದಿಯ ಸುತ್ತಿಗೆ (ಹ್ಯಾಮರ್) ಎಳೆದು ಸೇಫ್ಟಿ ಹಾಕಿಯೂ ಇಡಬಹುದು. ಎರಡಕ್ಕೂ ದಾರಿ ಇರುವುದು ನನಗೆ ಇಷ್ಟ.

ಸೈಟ್: ಮುಂದೆ ಕೆಂಪು ಫೈಬರ್ (ಸುತ್ತಲ ಬೆಳಕಿಗೆ ಹೊಳೆಯುವ ಎಳೆ), ಹಿಂದೆ ಪೂರ್ತಿ ಕಪ್ಪು. ಬ್ಯಾಟರಿ ಇಲ್ಲ, ಬೆಳಕು ತಾನೇ ಬರುತ್ತದೆ. ಹಳೇಉಕ್ಕು ಅವರಿಗೂ ಬೇಜಾರಿಲ್ಲ, ಚಂದ್ರ ಅವರಿಗೂ ಬೇಜಾರಿಲ್ಲ.

ಹಳೇಉಕ್ಕು

ನನಗೆ ಬೇಜಾರಿದೆ! ಫೈಬರ್ ಚುಕ್ಕಿ ಕಂಬದ ತುದಿಗಿಂತ ಕೆಳಗಿರುತ್ತದೆ. ಬೆಳಕು ಜಾಸ್ತಿ ಇದ್ದಾಗ ಕಣ್ಣು ಚುಕ್ಕಿಯನ್ನೇ ಗುರಿಯ ಮೇಲೆ ಇಡುತ್ತದೆ, ಕಂಬದ ಮೇಲಂಚನ್ನು ಮರೆಯುತ್ತದೆ. ಆಗ ಗುಂಡು ಮೇಲೆ ಹೋಗುತ್ತದೆ. ಮೋಡ ಕವಿದ ದಿನ ಮತ್ತೆ ಮೇಲಂಚಿಗೆ ಬರುತ್ತೀರಿ, ಗುಂಡು ಕೆಳಗೆ. ಸೈಟ್ ಕೆಟ್ಟಿದೆ ಅಂತ ಸ್ಕ್ರೂ ತಿರುಗಿಸುತ್ತಾ ಕೂರುತ್ತೀರಿ.

ಜೆಕ್‌ಪ್ರೇಮಿ

ಇದು ನಿಜ. ಅದಕ್ಕೇ ನಿಧಾನವಾಗಿ ಹೊಡೆಯುವಾಗ ಮೇಲಂಚು, ಬೇಗ ಹೊಡೆಯುವಾಗ ಚುಕ್ಕಿ. ಬೇಗ ಹೊಡೆಯುವುದು ಹತ್ತಿರದ ದೊಡ್ಡ ಗುರಿಗೆ. ಅಲ್ಲಿ ಆ ವ್ಯತ್ಯಾಸ ಲೆಕ್ಕಕ್ಕೆ ಬರುವುದಿಲ್ಲ.

ಗಿರಗಿರ

ರಿವಾಲ್ವರ್ ಹೆಸರು ಯಾರೂ ಎತ್ತುವುದಿಲ್ಲ ಅಂತ ಗೊತ್ತಿತ್ತು. ನಾನೇ ಎತ್ತುತ್ತೇನೆ. ಸ್ಮಿತ್ ಆಂಡ್ ವೆಸ್ಸನ್ 686. ಉದ್ದ ನಳಿಕೆ, ಹೊಂದಿಸುವ ಹಿಂಬದಿ ಸೈಟ್, ಮುಂದೆ ಕೆಂಪು ಪಟ್ಟಿ.

ಟ್ರಿಗರ್ ಕಲಿಯಬೇಕಾದರೆ ರಿವಾಲ್ವರಿಗಿಂತ ಒಳ್ಳೆಯ ಮೇಷ್ಟ್ರು ಇಲ್ಲ. ಡಬಲ್ ಆಕ್ಷನ್‌ನಲ್ಲಿ (ಸುತ್ತಿಗೆಯನ್ನೂ ಟ್ರಿಗರೇ ಎಳೆಯುವಾಗ) ಎಳೆತ ಉದ್ದ, ಭಾರ ನಾಲ್ಕೈದು ಕೆ.ಜಿ. ಅಷ್ಟು ಉದ್ದಕ್ಕೂ ಸೈಟ್ ಅಲುಗದಂತೆ ಎಳೆಯಲು ಬಂದರೆ ಮಿಕ್ಕ ಯಾವ ಪಿಸ್ತೂಲೂ ಸಲೀಸು. ಇನ್ನೊಂದು ಮಾತು: ರಿವಾಲ್ವರಿನಲ್ಲಿ ಎರಡೂ ಸೈಟ್ ಕದಲದ ಫ್ರೇಮು, ನಳಿಕೆಗಳ ಮೇಲೆ ಕೂತಿರುತ್ತವೆ. ಓಡಾಡುವ ಸ್ಲೈಡ್ ಮೇಲೆ ಅಲ್ಲ.

ಹೊಸಗುರಿ

ಎಲ್ಲರಿಗೂ ನಮಸ್ಕಾರ. ನಾನು ಕಲಿಯಲು ಶುರು ಮಾಡಿದ್ದೇನೆ. ಸದ್ಯ ಕ್ಲಬ್ಬಿನ .22 (ಸಣ್ಣ ಗುಂಡಿನ) ಪಿಸ್ತೂಲು. ಎರಡು ಪ್ರಶ್ನೆ ಇವೆ.

ಒಂದು, ಬಲಗೈಯವಳು ನಾನು, ಆದರೆ ಬಲವಾದ ಕಣ್ಣು ಎಡಗಣ್ಣು ಅಂತ ಕೋಚ್ ಹೇಳಿದರು. ಕೈ ಬದಲಾಯಿಸಬೇಕಾ?

ಎರಡು, ಮೂರು ಬಿಳಿ ಚುಕ್ಕಿಯ ಸೈಟ್ ಹೊಸಬರಿಗೆ ಸುಲಭ ಅಂತ ಕೇಳಿದೆ. ಹೌದಾ?

ಹಳೇಉಕ್ಕು

ಎರಡನೆಯದಕ್ಕೆ ನಾನು ಉತ್ತರಿಸುತ್ತೇನೆ ಅಮ್ಮಾ. ಮೂರು ಚುಕ್ಕಿ ನೋಡಲು ಸುಲಭ, ಹೊಡೆಯಲು ಅಲ್ಲ. ಕಣ್ಣು ಮೂರು ಚುಕ್ಕಿಯನ್ನು ಸಾಲಾಗಿ ಜೋಡಿಸುತ್ತಾ ಕೂರುತ್ತದೆ. ನಿಜವಾಗಿ ನೋಡಬೇಕಾದದ್ದು ಎರಡೇ: ಮೇಲಂಚುಗಳು ಒಂದೇ ಮಟ್ಟದಲ್ಲಿವೆಯಾ, ಕಂಬದ ಎರಡೂ ಪಕ್ಕದಲ್ಲಿ ಬೆಳಕಿನ ಸಂದು ಸಮ ಇದೆಯಾ. ಹಿಂದಿನ ಎರಡು ಚುಕ್ಕಿಯನ್ನು ಕಪ್ಪು ಮಾರ್ಕರಿನಲ್ಲಿ ಮುಚ್ಚಿ ಹೊಡೆದು ನೋಡಿ. ಬೇಡ ಅನಿಸಿದರೆ ಒರೆಸಿಬಿಡಿ, ನಷ್ಟ ಇಲ್ಲ.

ಚುಕ್ಕಿಚಂದ್ರ

ಇದೊಂದರಲ್ಲಿ ಹಳೇಉಕ್ಕು ಸರ್ ಜೊತೆ ನಾನೂ ಇದ್ದೇನೆ. ಮೂರು ಚುಕ್ಕಿಗೆ ಒಂದು ಉಪಯೋಗ ಇರುವುದು ಟ್ರಿಟಿಯಂ (ಚುಕ್ಕಿ ಕತ್ತಲಲ್ಲಿ ತಾನೇ ಹೊಳೆಯುವಂತೆ ಮಾಡುವ ವಿಕಿರಣ ಅನಿಲ) ಹಾಕಿದಾಗ, ಮಬ್ಬು ಬೆಳಕಿನಲ್ಲಿ. ಅದಕ್ಕೂ ಆಯಸ್ಸಿದೆ. ಟ್ರಿಟಿಯಂ 12.3 ವರ್ಷಕ್ಕೆ ಅರ್ಧ ಆಗುತ್ತದೆ, ಹೊಳಪೂ ಅದರ ಜೊತೆ ಇಳಿಯುತ್ತದೆ. ಹಳೆಯ ಪಿಸ್ತೂಲಿನಲ್ಲಿ "ರಾತ್ರಿ ಸೈಟ್ ಇದೆ" ಅಂದರೆ ಯಾವ ವರ್ಷದ್ದು ಅಂತ ಕೇಳಿ.

ಹತ್ತುಮೀಟರ್

ಹೊಸಗುರಿ ಅವರೇ, ಮೊದಲ ಪ್ರಶ್ನೆಗೆ. ಮೊದಲು ನೀವೇ ಒಮ್ಮೆ ಪರೀಕ್ಷೆ ಮಾಡಿ. ಎರಡೂ ಕೈ ಚಾಚಿ, ಅಂಗೈಗಳ ನಡುವೆ ಸಣ್ಣ ಕಿಂಡಿ ಮಾಡಿ, ಎರಡೂ ಕಣ್ಣು ತೆರೆದು ದೂರದ ಒಂದು ವಸ್ತುವನ್ನು ಆ ಕಿಂಡಿಯಲ್ಲಿ ನೋಡಿ. ಆಮೇಲೆ ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣು ಮುಚ್ಚಿದಾಗ ವಸ್ತು ಮಾಯವಾಗುತ್ತದೋ ಅದೇ ಬಲವಾದ ಕಣ್ಣು.

ಎಡಗಣ್ಣೇ ಅಂದರೂ ಗಾಬರಿ ಬೇಡ. ರೈಫಲ್‌ನಲ್ಲಿ ಇದು ದೊಡ್ಡ ತಲೆನೋವು, ಏಕೆಂದರೆ ಕೆನ್ನೆ ಹಿಡಿಗೆ ಒತ್ತಿಕೊಂಡಿರುತ್ತದೆ. ಪಿಸ್ತೂಲು ಕೈಯ ತುದಿಯಲ್ಲಿದೆ. ಕೆಲವು ಸೆಂ.ಮೀ. ಎಡಕ್ಕೆ ತಂದರೆ ಅಥವಾ ತಲೆಯನ್ನು ತುಸು ಬಲಕ್ಕೆ ತಿರುಗಿಸಿದರೆ ಸಾಕು. ಇಲ್ಲವೇ ಎಡಗಣ್ಣಿನ ಕನ್ನಡಕದ ಗಾಜಿಗೆ ಅರೆಪಾರದರ್ಶಕ ಟೇಪಿನ ಚಿಕ್ಕ ತುಂಡು ಅಂಟಿಸಿ. ಕಣ್ಣು ತೆರೆದೇ ಇರುತ್ತದೆ, ಸೈಟ್ ಮಾತ್ರ ಕಾಣುವುದಿಲ್ಲ. ಒಂದು ಕಣ್ಣನ್ನು ಬಿಗಿಯಾಗಿ ಮುಚ್ಚಿಕೊಂಡರೆ ಇನ್ನೊಂದೂ ಬೇಗ ದಣಿಯುತ್ತದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಟರ್ಕಿಯ ಯೂಸುಫ್ ಡಿಕೆಚ್ ಎರಡೂ ಕಣ್ಣು ತೆರೆದು, ಮಾಮೂಲಿ ಕನ್ನಡಕ ಹಾಕಿಕೊಂಡು, ಒಂದು ಕೈ ಜೇಬಿನಲ್ಲಿಟ್ಟು ಏರ್ ಪಿಸ್ತೂಲಿನ ಮಿಶ್ರ ತಂಡದಲ್ಲಿ ಬೆಳ್ಳಿ ಗೆದ್ದರು. ಅವರಿಗೆ ಉಪಕರಣವೇ ಇರಲಿಲ್ಲ ಅಂತ ಎಲ್ಲರೂ ಹಂಚಿಕೊಂಡರು. ಆದರೆ ಪಿಸ್ತೂಲು ಮಾತ್ರ ಪಕ್ಕಾ ಸ್ಪರ್ಧೆಯದ್ದೇ ಆಗಿತ್ತು. ಅದನ್ನು ಯಾರೂ ನೋಡಲಿಲ್ಲ.

ಇನ್ನು ಕೈ ಬದಲಾಯಿಸುವುದು. ಬದಲಾಯಿಸಲೇಬೇಕಾಗಿ ಬಂದವರು ಹಂಗರಿಯ ಕಾರೊಲಿ ಟಕಾಚ್. 1938ರಲ್ಲಿ ಗ್ರೆನೇಡ್ ಸಿಡಿದು ಬಲಗೈ ಹೋಯಿತು. ಎಡಗೈಯಲ್ಲಿ ಕಲಿತು 1948ರಲ್ಲೂ 1952ರಲ್ಲೂ 25 ಮೀಟರ್ ರ್‍ಯಾಪಿಡ್ ಫೈರ್‌ನಲ್ಲಿ ಒಲಿಂಪಿಕ್ ಚಿನ್ನ ಗೆದ್ದರು. ಆದ್ದರಿಂದ ಕೈ ಬದಲಾಯಿಸಲು ಬರುತ್ತದೆ. ನಿಮಗೆ ಅದರ ಅಗತ್ಯ ಇಲ್ಲ.

ಕನ್ನಡಕಣ್ಣ

ಕಣ್ಣಿನ ಮಾತು ಬಂದಿದ್ದಕ್ಕೆ ಬಂದೆ. ಪಿಸ್ತೂಲಿನ ಬಗ್ಗೆ ಇಷ್ಟು ಜಗಳ ಆಡುವ ನಾವು ಕನ್ನಡಕದ ಬಗ್ಗೆ ಮಾತೇ ಆಡುವುದಿಲ್ಲ.

ನಲವತ್ತು ದಾಟಿದ ಮೇಲೆ ಕಣ್ಣಿನೊಳಗಿನ ಲೆನ್ಸ್ ಗಡುಸಾಗುತ್ತದೆ. ಹತ್ತಿರದ್ದಕ್ಕೆ ಬಗ್ಗುವುದಿಲ್ಲ. ಓದುವ ಕನ್ನಡಕ ಬೇಕಾಗುವುದು ಇದಕ್ಕೇ. ಮುಂದಿನ ಸೈಟ್ ಇರುವುದು ಕೈಯಳತೆ ದೂರದಲ್ಲಿ. ಅದು ಮೊದಲಿನಂತೆ ಚೂಪಾಗಿ ಕಾಣುವುದಿಲ್ಲ. ಆಗ ಜನ ಪಿಸ್ತೂಲನ್ನು ಬೈಯುತ್ತಾರೆ, ಮದ್ದುಗುಂಡನ್ನು ಬೈಯುತ್ತಾರೆ, ಹೊಸ ಸೈಟ್ ತರಿಸುತ್ತಾರೆ.

ಓದುವ ಕನ್ನಡಕ ಹಾಕಿಕೊಂಡು ಹೊಡೆಯಬೇಡಿ. ಅದು ಪುಸ್ತಕದ ದೂರಕ್ಕೆ. ಗುರಿ ಪೂರ್ತಿ ಕರಗಿಹೋಗುತ್ತದೆ. ದೂರದ ದೃಷ್ಟಿಯ ಪವರಿಗೆ ಅರ್ಧದಿಂದ ಮುಕ್ಕಾಲು ಡಯಾಪ್ಟರ್ ಸೇರಿಸಿದ ಲೆನ್ಸನ್ನು ಗುರಿಕಾರರು ಹೆಚ್ಚಾಗಿ ಬಳಸುತ್ತಾರೆ. ಮುಂದಿನ ಸೈಟ್ ಸ್ಪಷ್ಟ, ಗುರಿ ಸ್ವಲ್ಪ ಮಸುಕು, ಆದರೆ ಇದೆ ಅಂತ ಗೊತ್ತಾಗುವಷ್ಟು. ಕಣ್ಣಿನ ಡಾಕ್ಟರ ಹತ್ತಿರ ಹೋಗುವಾಗ ಕೈ ಚಾಚಿದರೆ ಮುಂದಿನ ಸೈಟ್ ಕಣ್ಣಿನಿಂದ ಎಷ್ಟು ದೂರ ಇರುತ್ತದೆ ಅಂತ ಅಳೆದು ಬರೆದುಕೊಂಡು ಹೋಗಿ. ಪಿಸ್ತೂಲು ಒಯ್ಯುವ ಅಗತ್ಯ ಇಲ್ಲ, ದಯವಿಟ್ಟು.

ಇನ್ನೊಂದು ಉಪಾಯ ಸಣ್ಣ ರಂಧ್ರ. ಕನ್ನಡಕಕ್ಕೆ ಹಚ್ಚುವ ಐರಿಸ್ ಅದೇ ಕೆಲಸ ಮಾಡುತ್ತದೆ. ರಂಧ್ರ ಚಿಕ್ಕದಾದಷ್ಟೂ ಹತ್ತಿರದ್ದು, ದೂರದ್ದು ಎರಡೂ ಚೂಪಾಗುತ್ತವೆ, ಬೆಳಕು ಮಾತ್ರ ಕಮ್ಮಿಯಾಗುತ್ತದೆ. ಒಳ್ಳೆಯ ಬೆಳಕಿರುವ ಜಾಗದಲ್ಲಿ ಚೆನ್ನ. ಮಬ್ಬಿನಲ್ಲಿ ಉಪಯೋಗ ಇಲ್ಲ.

ಚುಕ್ಕಿಚಂದ್ರ

ನೋಡಿ, ಇಷ್ಟೆಲ್ಲಾ ಕಸರತ್ತು ಮಾಡುವ ಬದಲು ಡಾಟ್ ಹಾಕಿಕೊಂಡರೆ ಆಯಿತಲ್ವಾ!

ಕನ್ನಡಕಣ್ಣ

ಎಲ್ಲರಿಗೂ ಆಗುವುದಿಲ್ಲ ಚಂದ್ರ ಅವರೇ. ಕಣ್ಣಿನ ಪಾಪೆಯ ಮುಂದಿನ ಪೊರೆ ಎಲ್ಲ ಕಡೆ ಸಮವಾಗಿ ಬಾಗಿರದಿದ್ದರೆ ಚುಕ್ಕಿ ಚುಕ್ಕಿಯಾಗಿ ಕಾಣುವುದಿಲ್ಲ. ಬಾಲ ಬಂದಂತೆ, ಒಡೆದಂತೆ, ಎರಡು ಇದ್ದಂತೆ ಕಾಣುತ್ತದೆ. ಅಸ್ಟಿಗ್ಮ್ಯಾಟಿಸಂ ಅನ್ನುತ್ತಾರೆ, ಇದು ತುಂಬಾ ಜನಕ್ಕೆ ಇರುತ್ತದೆ. ಅವರಲ್ಲಿ ಹಲವರು ಸೈಟೇ ಹಾಳು ಅಂತ ವಾಪಸ್ ಕಳಿಸುತ್ತಾರೆ. ಕಳಿಸುವ ಮುಂಚೆ ಮೊಬೈಲ್ ಕ್ಯಾಮೆರಾದಲ್ಲಿ ಕಿಟಕಿಯ ಒಳಗಿನ ಚುಕ್ಕಿಯ ಫೋಟೊ ತೆಗೆಯಿರಿ. ಫೋಟೊದಲ್ಲಿ ದುಂಡಗಿದ್ದರೆ ತೊಂದರೆ ಕಣ್ಣಿನದು. ಅಥವಾ ಸೈಟನ್ನು ಹಾಗೇ ಇಟ್ಟು ತಲೆ ವಾಲಿಸಿ. ಬಾಲವೂ ನಿಮ್ಮ ಜೊತೆ ತಿರುಗಿದರೆ ಅದು ನಿಮ್ಮದೇ.

ಸರಿಯಾದ ಕನ್ನಡಕ ಹಾಕಿದರೆ ಹೆಚ್ಚಿನವರಿಗೆ ಸರಿಹೋಗುತ್ತದೆ. ಹೊಳಪು ಕಮ್ಮಿ ಮಾಡಿದರೂ ಸುಧಾರಿಸುತ್ತದೆ. ಅಷ್ಟಕ್ಕೂ ಬಹಳ ಜನ ಹೊಳಪನ್ನು ಬೇಕಾದ್ದಕ್ಕಿಂತ ಜಾಸ್ತಿ ಇಟ್ಟುಕೊಂಡಿರುತ್ತಾರೆ.

ಹೊಸಗುರಿ

ಡಾಟ್ ಹೇಗೆ ಕೆಲಸ ಮಾಡುತ್ತದೆ? ಲೇಸರ್ ಹಾಗೆ ಗುರಿಯ ಮೇಲೆ ಬೀಳುತ್ತದಾ?

ಚುಕ್ಕಿಚಂದ್ರ

ಇಲ್ಲ. ಹೊರಗೆ ಏನೂ ಹೋಗುವುದಿಲ್ಲ. ಹಿಂದೆ ಒಂದು ಪುಟ್ಟ ಎಲ್‌ಇಡಿ ಇರುತ್ತದೆ. ಮುಂದಿನ ಬಾಗಿದ ಗಾಜಿನ ಮೇಲೆ ಕೆಂಪು ಬೆಳಕನ್ನು ಮಾತ್ರ ವಾಪಸ್ ಕಳಿಸುವ ಲೇಪ ಇರುತ್ತದೆ. ಆ ಬೆಳಕು ಸಮಾಂತರವಾಗಿ ಕಣ್ಣಿಗೆ ಬರುವುದರಿಂದ ಚುಕ್ಕಿ ತುಂಬಾ ದೂರದಲ್ಲಿ ಇದ್ದಂತೆ ಕಾಣುತ್ತದೆ. ಅದಕ್ಕೇ ಗುರಿಯನ್ನು ನೋಡುತ್ತಲೇ ಚುಕ್ಕಿಯೂ ಸ್ಪಷ್ಟ. ಕಲ್ಪನೆ ಹಳೆಯದು, 1900ರಲ್ಲೇ ಹೊವಾರ್ಡ್ ಗ್ರಬ್ ಇದನ್ನು ಮಾಡಿದ್ದರು. ಬ್ಯಾಟರಿಯ ಮೇಲೆ ನಡೆಯುವುದನ್ನು ಸ್ವೀಡನ್ನಿನ ಏಮ್‌ಪಾಯಿಂಟ್ 1975ರಲ್ಲಿ ತಂದಿತು. ಪಿಸ್ತೂಲಿನ ಸ್ಲೈಡ್ ಮೇಲೆ ಬದುಕಿ ಉಳಿಯುವಷ್ಟು ಚಿಕ್ಕದೂ ಗಟ್ಟಿಯೂ ಆಗಲು ಇನ್ನೂ ಕೆಲವು ದಶಕ ಬೇಕಾಯಿತು. ಟ್ರಿಜಿಕಾನ್ ಆರ್‌ಎಮ್‌ಆರ್ ಅನ್ನುವ ಸ್ಲೈಡ್ ಡಾಟ್ ಬಂದದ್ದು 2009ರಲ್ಲಿ.

ಚುಕ್ಕಿಯ ಗಾತ್ರವನ್ನು ಎಂಓಎ ಅನ್ನುವ ಅಳತೆಯಲ್ಲಿ ಹೇಳುತ್ತಾರೆ. ಒಂದು ಎಂಓಎ ಅಂದರೆ 100 ಮೀಟರಿಗೆ ಸುಮಾರು 29 ಮಿ.ಮೀ. 25 ಮೀಟರಿಗೆ ಏಳು ಚಿಲ್ಲರೆ. ಹಾಗಾದರೆ 3 ಎಂಓಎ ಚುಕ್ಕಿ 25 ಮೀಟರಿನಲ್ಲಿ 22 ಮಿ.ಮೀ. ಮುಚ್ಚುತ್ತದೆ, 6 ಎಂಓಎ ಚುಕ್ಕಿ 44 ಮಿ.ಮೀ. ಬೇಗ ಹುಡುಕಬೇಕಾದರೆ ದೊಡ್ಡದು, ಕಾಗದದ ನಡುವೆ ಹೊಡೆಯಬೇಕಾದರೆ ಚಿಕ್ಕದು. ನನ್ನ ಆಯ್ಕೆ ಮೂರರ ಆಸುಪಾಸು. ಹೋಲೊಸನ್ 507ಸಿ ಯಲ್ಲಿ 2 ಎಂಓಎ ಚುಕ್ಕಿಯ ಸುತ್ತ 32 ಎಂಓಎ ಬಳೆ ಇದೆ, ಬೇಡವಾದಾಗ ಆರಿಸಬಹುದು. ಶುರುವಿನಲ್ಲಿ ಚುಕ್ಕಿ ಕಳೆದುಹೋಗುವವರಿಗೆ ಆ ಬಳೆ ಒಳ್ಳೆಯದು.

ಹಳೇಉಕ್ಕು

"ಚುಕ್ಕಿ ಕಳೆದುಹೋಗುವವರಿಗೆ" ಅಂದಿರಲ್ಲ, ಅಲ್ಲೇ ಇರುವುದು ನನ್ನ ತಕರಾರು. ಲೋಹದ ಸೈಟಿನಲ್ಲಿ ಪಿಸ್ತೂಲು ಸೊಟ್ಟಗಿದ್ದರೆ ಎಷ್ಟು ಸೊಟ್ಟ, ಯಾವ ಕಡೆಗೆ ಅಂತ ಕಾಣುತ್ತದೆ. ಡಾಟಿನಲ್ಲಿ ಸೊಟ್ಟಗಿದ್ದರೆ ಖಾಲಿ ಗಾಜು. ಕಿಟಕಿಯಲ್ಲಿ ಚುಕ್ಕಿ ಹುಡುಕುತ್ತಾ ಮೂತಿಯನ್ನು ಗಿರ್ರನೆ ತಿರುಗಿಸುವವರನ್ನು ಎಷ್ಟು ನೋಡಿಲ್ಲ?

ಚುಕ್ಕಿಚಂದ್ರ

ಒಪ್ಪಿದೆ. ಆದರೆ ಅದು ಸೈಟಿನ ತಪ್ಪಲ್ಲ, ಕೈ ಎತ್ತುವ ರೀತಿಯ ತಪ್ಪು. ಲೋಹದ ಸೈಟ್ ಅದನ್ನು ಕೊನೇ ಕ್ಷಣದಲ್ಲಿ ತಿದ್ದಿಕೊಳ್ಳಲು ಬಿಡುತ್ತದೆ, ಡಾಟ್ ಬಿಡುವುದಿಲ್ಲ. ಪಿಸ್ತೂಲು ಖಾಲಿ ಮಾಡಿ, ಎರಡು ಸಲ ನೋಡಿ, ಮದ್ದುಗುಂಡನ್ನು ಬೇರೆ ಕೋಣೆಯಲ್ಲಿಟ್ಟು ಅಭ್ಯಾಸ ಮಾಡಬೇಕು. ಗೋಡೆಯ ಒಂದು ಬಿಂದುವನ್ನು ದಿಟ್ಟಿಸಿ, ಕಣ್ಣು ಮುಚ್ಚಿ, ಪಿಸ್ತೂಲು ಎತ್ತಿ, ಕಣ್ಣು ತೆರೆಯಿರಿ. ಚುಕ್ಕಿ ಅಲ್ಲಿರಬೇಕು. ಇಲ್ಲದಿದ್ದರೆ ಸಾಮಾನ್ಯವಾಗಿ ಮೂತಿ ಮೇಲಿರುತ್ತದೆ, ತುಸು ಬಗ್ಗಿಸಿದರೆ ಚುಕ್ಕಿ ಇಳಿದು ಬರುತ್ತದೆ.

ಡಾಟ್ ಇನ್ನೊಂದು ಉಪಕಾರ ಮಾಡುತ್ತದೆ, ಅದನ್ನು ಯಾರೂ ಹೇಳಲಿಲ್ಲ. ಟ್ರಿಗರ್ ಎಳೆಯುವಾಗ ಕೈ ಮಾಡುವ ಕಳ್ಳತನ ಎಲ್ಲಾ ಕಾಣುತ್ತದೆ. ಬಲಗೈಯವರ ಗುಂಡು ಕೆಳಗೆ ಎಡಕ್ಕೆ ಹೋಗುತ್ತಿದ್ದರೆ, ಖಾಲಿ ಪಿಸ್ತೂಲಿನಲ್ಲಿ ಟ್ರಿಗರ್ ಎಳೆದಾಗ ಚುಕ್ಕಿಯೂ ಕೆಳಗೆ ಎಡಕ್ಕೆ ಜಿಗಿಯುವುದು ಕಾಣುತ್ತದೆ. ಲೋಹದ ಸೈಟಿನಲ್ಲಿ ಅದು ಗೊತ್ತಾಗಲು ಕಣ್ಣು ಪಳಗಿರಬೇಕು.

ಗಿರಗಿರ

ಹೊಸಗುರಿ ಅವರೇ, ಒಂದು ಎಚ್ಚರಿಕೆ. ಚಂದ್ರ ಹೇಳಿದ ಖಾಲಿ ಅಭ್ಯಾಸವನ್ನು ನಿಮ್ಮ .22ರಲ್ಲಿ ಹಾಗೇ ಮಾಡಬೇಡಿ. ಹಲವು .22ಗಳಲ್ಲಿ ಗುಂಡು ಇಲ್ಲದಾಗ ಸೂಜಿ (ಫೈರಿಂಗ್ ಪಿನ್) ನೇರ ಚೇಂಬರಿನ (ಗುಂಡು ಕೂರುವ ಗೂಡಿನ) ಅಂಚಿಗೆ ಬಡಿಯುತ್ತದೆ, ಅಂಚು ಹಾಳಾಗುತ್ತದೆ. ಆ ಮಾಡೆಲ್ ಖಾಲಿ ಎಳೆಯಲು ಸರಿಯಾ ಅಂತ ಕೈಪಿಡಿ ನೋಡಿ. ಇಲ್ಲದಿದ್ದರೆ ಅಭ್ಯಾಸದ ಡಮ್ಮಿ ಗುಂಡು ಹಾಕಿ.

ಹೊಸಗುರಿ

ಧನ್ಯವಾದ, ಇದು ಗೊತ್ತಿರಲಿಲ್ಲ. ಕ್ಲಬ್ಬಿನದು ರುಗರ್ ಮಾರ್ಕ್ 4. ಅದರ ಮೇಲೆ ಡಾಟ್ ಹಾಕಿಸೋಣವಾ ಅಂತ ಕೋಚ್ ಕೇಳುತ್ತಿದ್ದಾರೆ. ಲೋಹದ ಸೈಟಿನಲ್ಲೇ ಕಲಿಯಬೇಕು ಅನ್ನುವವರೂ ಇದ್ದಾರೆ.

ಜೆಕ್‌ಪ್ರೇಮಿ

ಮಾರ್ಕ್ 4 ಇದ್ದರೆ ನೀವು ಅದೃಷ್ಟವಂತರು. ಹಳೆಯ ಮಾರ್ಕ್‌ಗಳನ್ನು ಬಿಚ್ಚಿ ಶುಚಿ ಮಾಡಿದವರಿಗೆ ಅದರ ಬೆಲೆ ಗೊತ್ತು. ಬಿಚ್ಚುವುದು ಹೇಗೋ ಆಗುತ್ತಿತ್ತು, ಜೋಡಿಸುವಾಗ ದೇವರು ನೆನಪಾಗುತ್ತಿದ್ದರು. 2016ರಲ್ಲಿ ಬಂದ ಇದರಲ್ಲಿ ಒಂದು ಗುಂಡಿ ಒತ್ತಿದರೆ ಬಾಗಿಕೊಳ್ಳುತ್ತದೆ.

ಗಿರಗಿರ

ಡಾಟ್ ಹಾಕಲು ಅದಕ್ಕಿಂತ ಒಳ್ಳೆಯ ಪಿಸ್ತೂಲು ಇಲ್ಲ. ನಾನು ರಿವಾಲ್ವರ್ ಬಗ್ಗೆ ಹೇಳಿದ್ದೇ ಇದಕ್ಕೂ ಸಲ್ಲುತ್ತದೆ. ರುಗರ್‌ನಲ್ಲಿ ನಳಿಕೆ ರಿಸೀವರಿಗೆ (ಮೇಲಿನ ಕೊಳವೆಯಂಥ ಮೈಗೆ) ಬಿಗಿಯಾಗಿ ಕೂತಿದೆ. ಒಳಗೆ ಬೋಲ್ಟ್ ಮಾತ್ರ ಓಡಾಡುತ್ತದೆ. ಡಾಟ್ ಕೂರುವುದು ಕದಲದ ರಿಸೀವರ್ ಮೇಲೆ. ಸ್ಲೈಡ್ ಮೇಲಿನ ಡಾಟಿಗೆ ಆ ಸುಖ ಇಲ್ಲ. ಪ್ರತಿ ಗುಂಡಿಗೂ ಹಿಂದಕ್ಕೆ ಒಮ್ಮೆ, ಮುಂದಕ್ಕೆ ಒಮ್ಮೆ ಏಟು ತಿನ್ನುತ್ತದೆ. ಸ್ಕ್ರೂ ಸಡಿಲ ಆಗುವುದು, ಬ್ಯಾಟರಿ ಕ್ಷಣಕಾಲ ಕೈಕೊಡುವುದು, ಎಲ್ಲಾ ಅದರಿಂದಲೇ.

ಹಳೇಉಕ್ಕು

ಲೋಹದ ಸೈಟಿನಲ್ಲೇ ಮೊದಲು ಕಲಿಯಿರಿ ಅನ್ನುವವರಲ್ಲಿ ನಾನೊಬ್ಬ. ಡಾಟ್ ಕೆಟ್ಟದ್ದು ಅಂತಲ್ಲ. ಯಾವ ಸ್ಪರ್ಧೆಗೆ ಹೋಗುತ್ತೀರೋ ಇನ್ನೂ ಗೊತ್ತಿಲ್ಲ. ಹತ್ತುಮೀಟರ್ ಅವರ ಕಡೆ ಹೋದರೆ ಡಾಟ್ ಮುಟ್ಟುವಂತಿಲ್ಲ.

ಲೋಹದ ಸೈಟಿನಲ್ಲಿ ಎಲ್ಲಿ ಹಿಡಿಯಬೇಕು ಅನ್ನುವುದನ್ನೂ ಮೊದಲೇ ತೀರ್ಮಾನಿಸಿಕೊಳ್ಳಿ. ಕಪ್ಪು ವೃತ್ತದ ಬುಡಕ್ಕೆ ಕಂಬದ ಮೇಲಂಚು ತಾಗಿಸುವುದು ಒಂದು ರೀತಿ. ಕಂಬದ ಮೇಲೆ ಚೆಂಡು ಕೂರಿಸಿದ ಹಾಗೆ ಕಾಣುತ್ತದೆ, ಕಪ್ಪಿನ ಮೇಲೆ ಕಪ್ಪು ಕಳೆದುಹೋಗುವುದಿಲ್ಲ. ಆದರೆ ವೃತ್ತದ ಗಾತ್ರ, ದೂರ ಬದಲಾದರೆ ಲೆಕ್ಕ ಕೆಡುತ್ತದೆ. ನಟ್ಟನಡುವೆ ಹಿಡಿಯುವುದು ಇನ್ನೊಂದು. ನಾನು ಬುಡಕ್ಕಿಂತಲೂ ಸ್ವಲ್ಪ ಕೆಳಗೆ ಬಿಳಿಯ ಸಣ್ಣ ಗೆರೆ ಬಿಟ್ಟು ಹಿಡಿಯುತ್ತೇನೆ.

ಹತ್ತುಮೀಟರ್

ನಾವು ಇನ್ನೂ ಕೆಳಗೆ, ಬಿಳಿ ಜಾಗದ ನಡುವೆಯೇ ಹಿಡಿಯುತ್ತೇವೆ. ಬುಡಕ್ಕೆ ತಾಗಿಸಲು ಹೋದರೆ ಮನಸ್ಸು "ಈಗ ತಾಗಿತು, ಈಗಲೇ ಎಳಿ" ಅನ್ನುತ್ತದೆ. ಆಗಲೇ ಟ್ರಿಗರ್ ಕಿತ್ತು ಎಳೆಯುವುದು. ತಾಗಿಸಲು ಏನೂ ಇಲ್ಲದಿದ್ದರೆ ಗಮನ ಸೈಟಿನ ಮೇಲೇ ಉಳಿಯುತ್ತದೆ.

ಹೊಂದಿಸುವಾಗ ಒಂದು ನೆನಪಿರಲಿ. ಗುಂಡು ಯಾವ ಕಡೆಗೆ ಹೋಗಬೇಕೋ ಹಿಂದಿನ ಸೈಟ್ ಆ ಕಡೆಗೆ. ಮುಂದಿನದಾದರೆ ಅದರ ಎದುರು ಕಡೆಗೆ. ಗುಂಡು ಮೇಲೆ ಬೇಕು ಅಂದರೆ ಹಿಂದಿನದನ್ನು ಎತ್ತಿ, ಇಲ್ಲವೇ ಮುಂದಿನದನ್ನು ಇಳಿಸಿ. ಒಂದೇ ಗುಂಡು ನೋಡಿ ಸ್ಕ್ರೂ ಮುಟ್ಟಬೇಡಿ. ಐದು ಹೊಡೆದು ಗುಂಪಿನ ನಡು ಎಲ್ಲಿದೆ ಅಂತ ನೋಡಿ. ಗುಂಪೇ ಇಲ್ಲ, ಹರಡಿಕೊಂಡಿವೆ ಅಂದರೆ ಸ್ಕ್ರೂವಿಗೂ ಅದಕ್ಕೂ ಸಂಬಂಧ ಇಲ್ಲ.

ಜೆಕ್‌ಪ್ರೇಮಿ

ಹಳೇಉಕ್ಕು ಅವರೇ, ಕೊನೆಗೊಂದು ಪ್ರಶ್ನೆ. ಪಿಸ್ತೂಲಿನಲ್ಲಿ ಒಂದೇ ಇಟ್ಟುಕೊಳ್ಳಬೇಕು ಅಂದರೆ ಒಳ್ಳೆಯ ಟ್ರಿಗರಾ, ಒಳ್ಳೆಯ ಸೈಟಾ?

ಹಳೇಉಕ್ಕು

ಟ್ರಿಗರ್. ಯೋಚಿಸಲೇ ಬೇಕಿಲ್ಲ.

ಹತ್ತುಮೀಟರ್

ನಾನೂ ಟ್ರಿಗರ್. ಅದಕ್ಕೂ ಮುಂಚೆ ಕೈಗೆ ಹೊಂದುವ ಹಿಡಿ.

ಚುಕ್ಕಿಚಂದ್ರ

ಗ್ಲಾಕ್ ಇಟ್ಟುಕೊಂಡವನನ್ನು ಈ ಪ್ರಶ್ನೆ ಕೇಳುವುದು ಅನ್ಯಾಯ.

ಹೊಸಗುರಿ

ಕೋಚ್ ಹತ್ತಿರ ಮಾತಾಡಿದೆ. ಈ ಋತು ಮುಗಿಯುವ ತನಕ ಲೋಹದ ಸೈಟ್, ಹಿಂದಿನ ಚುಕ್ಕಿಗಳನ್ನು ಮಾರ್ಕರಿನಲ್ಲಿ ಮುಚ್ಚಿದ್ದೇವೆ. ಎಡಗಣ್ಣಿಗೆ ಟೇಪೂ ಅಂಟಿಸಿದ್ದೇನೆ. ಆಮೇಲೆ ಡಾಟ್. ಅದನ್ನು ಕೂರಿಸಲು ಬೇಕಾದ ತಳಪಟ್ಟಿ ಬೇರೆ ಕೊಳ್ಳಬೇಕಾ, ಎಲ್ಲಾ ಡಾಟಿಗೂ ಒಂದೇ ಆಗುತ್ತದಾ?

ಚುಕ್ಕಿಚಂದ್ರ

ಎಲ್ಲದಕ್ಕೂ ಒಂದೇ ಆಗುವುದಿಲ್ಲ, ಇದೇ ದೊಡ್ಡ ರಗಳೆ. ಆರ್‌ಎಮ್‌ಆರ್ ತಳದ ತೂತುಗಳು ಒಂದು ಥರ, ಅಕ್ರೋ ತಳ ಇನ್ನೊಂದು ಥರ. ಮೊದಲು ಡಾಟ್ ಯಾವುದು ಅಂತ ಗಟ್ಟಿ ಮಾಡಿ, ಆಮೇಲೆ ಅದಕ್ಕೆ ಹೊಂದುವ ತಳಪಟ್ಟಿ. ಸ್ಕ್ರೂ ಉದ್ದ ನೋಡಿಕೊಳ್ಳಿ. ಎಣ್ಣೆ ಒರೆಸಿ, ಸ್ಕ್ರೂ ಹಿಡಿಯುವ ಅಂಟು ಒಂದು ಹನಿ ಹಾಕಿ, ಚೀಟಿಯಲ್ಲಿ ಬರೆದಷ್ಟೇ ಬಿಗಿ ಮಾಡಿ. ಕೊನೆಗೆ ಸ್ಕ್ರೂ ತಲೆಯಿಂದ ಪಕ್ಕದ ಲೋಹದ ತನಕ ಬಣ್ಣದ ಗೆರೆ ಎಳೆಯಿರಿ. ಗೆರೆ ಮುರಿದಿದ್ದರೆ ಸ್ಕ್ರೂ ತಿರುಗಿದೆ ಅಂತ ದೂರದಿಂದಲೇ ಗೊತ್ತಾಗುತ್ತದೆ.